ದೀರ್ಘ ಕಾಯಿಲೆಯವರ ಕೂಟ: ನಮ್ಮ ಸಂಘ ಮಾಡಬಹುದಾದ ಒಂದು ಕೆಲಸ

(ರಜತ ಮಹೋತ್ಸವದ ಅಂಗವಾಗಿ ಕರೆದಿದ್ದ ಸದಸ್ಯರ ವಿಶೇಷ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದೆ. ಷೇರು ಬಂಡವಾಳ ಎಷ್ಟು, ಬೆಳೆಸಾಲ ಎಷ್ಟು, ಗೊಬ್ಬರ ಎಷ್ಟು ಮೂಟೆ ಮಾರಿದೆವು ಎಂಬುದನ್ನೆಲ್ಲ ಕಾರ್ಯದರ್ಶಿಗಳು ಓದಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಡಾಕ್ಟರಿಕೆ ಹೇಳಲು ಇಲ್ಲಿ ನಿಂತಿಲ್ಲ. ಆದರೆ ಆಡಳಿತ ಮಂಡಳಿಯಲ್ಲಿ ಕೂತು ಸಾಲದ ಅರ್ಜಿ, ಸುಸ್ತಿ ಪಟ್ಟಿ ನೋಡುವಾಗ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ನಿಮ್ಮ ಮುಂದಿಡಬೇಕಾಗಿದೆ. ಕೊನೆಗೆ ಒಂದು ಠರಾವೂ ಇದೆ, ಕೈ ಎತ್ತುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊದಲೆಲ್ಲ ಸುಸ್ತಿಗೆ ಕಾರಣ ಕೇಳಿದರೆ ಕಾಲುವೆಗೆ ನೀರು ಬರಲಿಲ್ಲ, ಭತ್ತಕ್ಕೆ ರೇಟು ಸಿಗಲಿಲ್ಲ, ಮೆಣಸಿನಕಾಯಿಗೆ ರೋಗ ಬಂತು ಎಂದು ಹೇಳುತ್ತಿದ್ದರು. ಈಗ ಬೆಳೆ ಚೆನ್ನಾಗಿ ಬಂದ ವರ್ಷವೂ ಕೆಲವು ಮನೆಯವರು ಕಟ್ಟಲಾಗದೆ ಬಂದು ನಿಲ್ಲುತ್ತಾರೆ. ಕೇಳಿದರೆ, "ಯಪ್ಪಾ, ಕಾಲಿಗೆ ಗಾಯ ಆಗಿ ಬಳ್ಳಾರಿಗೆ ಹಾಕಿದ್ವಿ, ಬೆರಳು ತೆಗೆದರು" ಎನ್ನುತ್ತಾರೆ. ಇನ್ನೊಬ್ಬರದು ಲಕ್ವ. ಮತ್ತೊಬ್ಬರದು ಕಿಡ್ನಿ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್. ಜತೆಗೆ ಹೋಗುವ ಮಗನ ಕೂಲಿಯೂ ಹೋಯಿತು. ಹೆಸರು ಹೇಳುವುದು ಬೇಡ, ಎಲ್ಲರಿಗೂ ಗೊತ್ತಿದ್ದ ಮನೆಗಳೇ. ಇವರೆಲ್ಲರ ಕಾಯಿಲೆಯ ಬೇರು ನೋಡಿದರೆ ಬಹುಪಾಲು ಎರಡೇ, ಶುಗರ್ ಮತ್ತು ಬಿ.ಪಿ.

ಯಶಸ್ವಿನಿ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಅದು ನಮ್ಮ ಸಹಕಾರಿಗಳ ಹೆಮ್ಮೆ. 2003ರಲ್ಲಿ ತಿಂಗಳಿಗೆ ಐದೇ ರೂಪಾಯಿ ಲೆಕ್ಕದಲ್ಲಿ ಶುರುವಾಗಿ, 2018ರಲ್ಲಿ ನಿಂತು, ಮತ್ತೆ 2022ರ ಕೊನೆಗೆ ನೋಂದಣಿ ಆರಂಭವಾಯಿತು. ಆದರೆ ಅದರ ಮುಖ್ಯ ಕೆಲಸ ಆಪರೇಷನ್ನಿಗೆ ಆಸರೆ ಆಗುವುದು. ಆಪರೇಷನ್ ತನಕ ಹೋಗದಂತೆ ದಿನಾ ನೋಡಿಕೊಳ್ಳುವ ಕೆಲಸ ಯಾವ ಕಾರ್ಡಿನಿಂದಲೂ ಆಗುವುದಿಲ್ಲ. ಗುಳಿಗೆಯೂ ಇಲ್ಲವೆಂದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿ.ಪಿ. ಗುಳಿಗೆ ಪುಕ್ಕಟೆ ಕೊಡುತ್ತಾರೆ. ಮೂವತ್ತು ದಾಟಿದವರನ್ನು ತಪಾಸಣೆ ಮಾಡಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಬರೆದುಕೊಂಡು ಹೋಗಿದ್ದಾರೆ. ರಾಜ್ಯ ಸರ್ಕಾರ 2024ರಲ್ಲಿ ಗೃಹ ಆರೋಗ್ಯ ಯೋಜನೆ ಎಂದು ಇದಕ್ಕಾಗಿಯೇ ಶುರು ಮಾಡಿತು. ಇಷ್ಟಾದರೂ ಎಡವುವುದು ಎಲ್ಲಿ? ಚೀಟಿ ಬರೆಸಿಕೊಂಡು ಮನೆಗೆ ಬಂದ ಮೇಲೆ.

ಲೆಕ್ಕ ಹಾಕಿ ನೋಡ್ರಿ. ತಿಂಗಳಿಗೊಮ್ಮೆ ಡಾಕ್ಟರ ಮುಂದೆ ಕೂರುವುದು ಐದು ನಿಮಿಷ, ಬಹಳವೆಂದರೆ ಹತ್ತು. ಉಳಿದ ಇಪ್ಪತ್ತೊಂಬತ್ತು ದಿನ, ಇಪ್ಪತ್ತಮೂರು ತಾಸು ಐವತ್ತು ನಿಮಿಷ ನಾವು ನಮ್ಮ ಮನೆ, ಹೊಲ, ಚಹಾದಂಗಡಿ ಕಟ್ಟೆ ಇವುಗಳ ನಡುವೆ ಇರುತ್ತೇವೆ. ಆ ಹೊತ್ತಿನಲ್ಲಿ ಡಾಕ್ಟರು ಇರುವುದಿಲ್ಲ. ಆಗ ಜತೆಗಿರುವವರು ನಮ್ಮಂಥವರೇ. ಹಾಗಾದರೆ ಅದೇ ಕಾಯಿಲೆ ಇರುವ ನಮ್ಮಂಥವರು ಒಂದು ಕಡೆ ಕೂತು, ಒಬ್ಬರಿಂದೊಬ್ಬರು ಕಲಿಯುವ ಪದ್ಧತಿ ಎಲ್ಲಿಯಾದರೂ ಇದೆಯೇ ಎಂದು ನಮ್ಮ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿದೆವು. ಇದೆ ಎಂದರು. ಅವರು ಹೇಳಿದ್ದು, ಮಕ್ಕಳು ಓದಿ ಹೇಳಿದ್ದು ಸೇರಿಸಿ ತಿಳಿಸುತ್ತೇವೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬ ಹೆಣ್ಣುಮಗಳು, ಮೂಲತಃ ನರ್ಸ್, 1970ರ ದಶಕದ ಕೊನೆಗೆ ಕೀಲುನೋವಿನವರಿಗಾಗಿ ಇಂಥ ಪಾಠ ಶುರು ಮಾಡಿದರು. ಪಾಠ ಹೇಳಲು ಡಾಕ್ಟರನ್ನು ಕರೆಯಲಿಲ್ಲ, ಕೀಲುನೋವು ಇದ್ದವರಿಗೇ ತರಬೇತಿ ಕೊಟ್ಟು ನಿಲ್ಲಿಸಿದರು. ಆಮೇಲೆ 1990ರ ದಶಕದಲ್ಲಿ ಶುಗರ್, ಹೃದಯ, ಉಬ್ಬಸ, ಕೀಲು ಎಲ್ಲ ಕಾಯಿಲೆಯವರನ್ನೂ ಒಟ್ಟಿಗೆ ಕೂರಿಸುವ ಕೂಟ ಮಾಡಿದರು. ವಾರಕ್ಕೊಮ್ಮೆ ಎರಡೂವರೆ ತಾಸು, ಆರು ವಾರ. ಹತ್ತರಿಂದ ಹದಿನಾರು ಜನ. ಇಬ್ಬರು ಮುಂದಾಳುಗಳು, ಇಬ್ಬರಲ್ಲಿ ಒಬ್ಬರಿಗಾದರೂ ದೀರ್ಘ ಕಾಯಿಲೆ ಇರಲೇಬೇಕು. ಸುಮಾರು ಒಂಬೈನೂರೈವತ್ತು ಜನರನ್ನು ಆರು ತಿಂಗಳು ನೋಡಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೂಟಕ್ಕೆ ಬಂದವರು ಹೆಚ್ಚು ನಡೆದಾಡತೊಡಗಿದ್ದರು, ಡಾಕ್ಟರ ಹತ್ತಿರ ಬಿಚ್ಚಿ ಮಾತಾಡುತ್ತಿದ್ದರು, ಆಸ್ಪತ್ರೆಯಲ್ಲಿ ಮಲಗಿದ ದಿನ ಕಡಿಮೆಯಾಗಿದ್ದವು. ನೋವು ಮಾತ್ರ ಅಷ್ಟಾಗಿ ಇಳಿದಿರಲಿಲ್ಲ. ಅದನ್ನೂ ಅವರು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬಾರದು. ಇಂಗ್ಲೆಂಡಿನ ಸರ್ಕಾರವೂ 2001-02ರ ಹೊತ್ತಿಗೆ ಇದನ್ನೇ ಕೈಗೆತ್ತಿಕೊಂಡಿತು.

ಅಮೆರಿಕದ್ದು ನಮಗೆ ಯಾಕೆ ಎಂದರೆ, ಪಕ್ಕದ ಕೇರಳಕ್ಕೆ ಬರ್ರಿ. ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿನ್‌ಕರ ತಾಲ್ಲೂಕಿನಲ್ಲಿ ಮತಗಟ್ಟೆಗಳ ಲೆಕ್ಕದಲ್ಲಿ 60 ಕಡೆ, 1007 ಜನರನ್ನು ಆರಿಸಿದರು. ಇವರಿಗೆ ಶುಗರ್ ಇನ್ನೂ ಬಂದಿರಲಿಲ್ಲ, ಬರುವ ಸಂಭವ ಹೆಚ್ಚಿತ್ತು. ಅರ್ಧ ಊರುಗಳಲ್ಲಿ ಅವರವರಲ್ಲೇ ಮುಂದಾಳುಗಳನ್ನು ಮಾಡಿ ಒಂದು ವರ್ಷ ಕೂಟ ನಡೆಸಿದರು. 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಎರಡು ವರ್ಷದಲ್ಲಿ ಕೂಟ ಇದ್ದ ಕಡೆ ನೂರಕ್ಕೆ 14.9 ಜನರಿಗೆ ಶುಗರ್ ಬಂತು, ಇಲ್ಲದ ಕಡೆ 17.1. ಅಂತರ ಸಣ್ಣದು, ಕೂಟದಿಂದಲೇ ಕಡಿಮೆ ಆಯಿತು ಎಂದು ಖಚಿತವಾಗಿ ಹೇಳುವಷ್ಟಿಲ್ಲ ಎಂದು ಅವರೇ ಬರೆದಿದ್ದಾರೆ. ಆದರೆ ಕುಡಿತ ಕಡಿಮೆಯಾಗಿತ್ತು, ಹಣ್ಣು ಕಾಯಿಪಲ್ಯೆ ತಿನ್ನುವುದು ಹೆಚ್ಚಿತ್ತು. ನಮ್ಮೂರಿಗೆ ಅಷ್ಟಾದರೂ ಸಾಕು.

ಇನ್ನು ನಮ್ಮ ಜಿಲ್ಲೆಯದೇ ಒಂದು ವಿಷಯ. ಇಲ್ಲಿ ಕೂತ ಎಷ್ಟೋ ಜನರಿಗೆ ಗೊತ್ತಿಲ್ಲ. ಮನೋರೋಗ, ಮೂರ್ಛೆರೋಗ ಅಂದರೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂದು ದೇಶವೆಲ್ಲ ತಿಳಿದಿದ್ದ ಕಾಲದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದ ನಡುವಿನಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಆಗ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲ ನಮ್ಮ ಜಿಲ್ಲೆಯಲ್ಲೇ ಇದ್ದವು, ಜನಸಂಖ್ಯೆ ಹದಿನೈದು ಲಕ್ಷದಷ್ಟು. ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಫಿಟ್ಸ್ ಯಾವುದು, ಬುದ್ಧಿ ಭ್ರಮಣೆ ಯಾವುದು ಎಂದು ಗುರುತಿಸಿ ಹತ್ತಿರದಲ್ಲೇ ಗುಳಿಗೆ ಸಿಗುವಂತೆ ಮಾಡಿದರು. ಬಳ್ಳಾರಿಯಲ್ಲಿ ಆಗುತ್ತದೆ ಎಂದು ಕಂಡ ಮೇಲೆಯೇ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದ ಬೇರೆ ಜಿಲ್ಲೆಗಳಲ್ಲಿ ಶುರು ಮಾಡಿದ್ದು. ಡಾಕ್ಟರಿಕೆಯ ಪುಸ್ತಕಗಳಲ್ಲಿ ಇದನ್ನು "ಬಳ್ಳಾರಿ ಮಾದರಿ" ಎಂದೇ ಕರೆಯುತ್ತಾರಂತೆ. ಗಣಿ, ಬಿಸಿಲು, ಜೀನ್ಸ್ ಪ್ಯಾಂಟು ಬಿಟ್ಟರೆ ಬಳ್ಳಾರಿ ಹೆಸರು ಇಂಥದ್ದಕ್ಕೂ ಹೋಗಿದೆ ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ.

ಆ ಪ್ರಯೋಗದಲ್ಲಿ ಕಲಿಸಿದವರು ಸರ್ಕಾರದ ನೌಕರರು, ರೋಗಿಗಳಲ್ಲ, ಆ ವ್ಯತ್ಯಾಸ ಇದೆ. ಆದರೆ ದೊಡ್ಡ ಡಾಕ್ಟರು ಒಬ್ಬರೇ ಮಾಡುವ ಕೆಲಸ ಎಂದುಕೊಂಡಿದ್ದನ್ನು ಹಳ್ಳಿಯಲ್ಲಿರುವವರು ಕಲಿತು ಮಾಡಬಹುದು ಎಂಬುದು ನಮ್ಮ ನೆಲದಲ್ಲೇ ತೀರ್ಮಾನವಾಗಿದೆ. ಮುಂದಿನ ಮೆಟ್ಟಿಲು ನಾವು ಹತ್ತಬೇಕಾದದ್ದು.

ಕೂಟದಲ್ಲಿ ಏನು ಮಾಡುತ್ತಾರೆ? ಭಾಷಣ ಇರುವುದಿಲ್ಲ. (ಇವತ್ತಿನಂಥ ಶಿಕ್ಷೆ ಅಲ್ಲಿ ಇಲ್ಲ.) ಸುತ್ತಲೂ ಕೂರುತ್ತಾರೆ. ಪ್ರತಿಯೊಬ್ಬರೂ ಬರುವ ವಾರಕ್ಕೆ ಒಂದು ಕರಾರು ಮಾಡಿಕೊಳ್ಳುತ್ತಾರೆ. "ಇನ್ನು ಮೇಲೆ ಚೆನ್ನಾಗಿ ಇರ್ತೀನಿ" ಎನ್ನುವುದು ಕರಾರಲ್ಲ. ಏನು, ಎಷ್ಟು, ಯಾವಾಗ, ವಾರಕ್ಕೆ ಎಷ್ಟು ದಿನ, ಇದನ್ನು ಹೇಳಬೇಕು. "ಸಂಜೆ ದನ ಕಟ್ಟಿದ ಮೇಲೆ ಕಾಲುವೆ ಏರಿ ಮೇಲೆ ಇಪ್ಪತ್ತು ನಿಮಿಷ, ವಾರದಲ್ಲಿ ನಾಲ್ಕು ದಿನ ನಡಿತೀನಿ" ಇದು ಕರಾರು. ಆಮೇಲೆ ಮುಂದಾಳು ಕೇಳುತ್ತಾರೆ, ಇದನ್ನು ಮಾಡೇ ಮಾಡುತ್ತೀರಿ ಎಂಬ ಧೈರ್ಯ ಹತ್ತಕ್ಕೆ ಎಷ್ಟು? ಏಳಕ್ಕಿಂತ ಕಡಿಮೆ ಎಂದರೆ ಬೈಯುವುದಿಲ್ಲ, ಕರಾರನ್ನು ಸಣ್ಣದು ಮಾಡುತ್ತಾರೆ, ನಾಲ್ಕು ದಿನದ ಬದಲು ಮೂರು. ಮುಂದಿನ ವಾರ ಬಂದು ಆಯಿತೋ ಇಲ್ಲವೋ ಹೇಳಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಎಲ್ಲರೂ ಸೇರಿ ದಾರಿ ಹುಡುಕುತ್ತಾರೆ. ನಮ್ಮ ಸಂಘದಲ್ಲಿ ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಲ್ಲುವುದಿಲ್ಲವೇ, ಹಾಗೇ ಇದು. ಹಣದ ಬದಲು ಮಾತಿನ ಜಾಮೀನು.

ಹೀಗೆ ಕೂತರೆ ಹೊರಬರುವ ವಿಷಯಗಳು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಯಾಕೆಂದರೆ ಅವು ನಮ್ಮ ಊರಿನವು. ಕಾಲಿನ ಮಾತೇ ತೆಗೆದುಕೊಳ್ಳಿ. ಶುಗರ್ ಬಹಳ ವರ್ಷ ಇದ್ದವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗುತ್ತದೆ. ಪಟ್ಟಣದವರಿಗೆ ಚಪ್ಪಲಿ ಹಾಕಿಕೊಳ್ಳಿ ಎಂದರೆ ಮುಗಿಯಿತು. ನಾವು ಭತ್ತದ ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ಇಳಿಯುವವರು. ಬದುವಿನ ಮೇಲೆಲ್ಲ ಜಾಲಿ ಮುಳ್ಳು, ಹೊರಗಿನ ಜಿಲ್ಲೆಯವರು ಅದಕ್ಕೆ ಬಳ್ಳಾರಿ ಜಾಲಿ ಎಂದೇ ಹೆಸರಿಟ್ಟಿದ್ದಾರೆ. ಆ ಮುಳ್ಳು ಚುಚ್ಚಿ ಒಳಗೆ ಮುರಿದರೂ ಇವರಿಗೆ ಗೊತ್ತಾಗುವುದಿಲ್ಲ. ನಾಲ್ಕು ದಿನಕ್ಕೆ ಕೀವು, ಹದಿನೈದು ದಿನಕ್ಕೆ ಬಳ್ಳಾರಿ. ಇದಕ್ಕೆ ಉಪಾಯ ಬಹಳ ಸಾದಾ. ರಾತ್ರಿ ಮಲಗುವ ಮುಂಚೆ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡುವುದು. ತನಗೆ ಕಾಣದಿದ್ದರೆ ಮೊಮ್ಮಗನಿಗೆ ತೋರಿಸುವುದು. ಬಿಸಿನೀರನ್ನು ಕಾಲಿನಿಂದ ಪರೀಕ್ಷಿಸಬಾರದು, ಮೊಣಕೈ ಅದ್ದಿ ನೋಡಬೇಕು. ಗಾಯ ಕಂಡರೆ ಅರಿಸಿನ, ಸುಣ್ಣ ಮೆತ್ತಿ ಕಾಯುವುದು ಬೇಡ, ಮರುದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಡಾಕ್ಟರು ಇದನ್ನು ಹೇಳಿರುತ್ತಾರೆ. ಆದರೆ ಬೆರಳು ಕಳಕೊಂಡವರೊಬ್ಬರು ಎದುರು ಕೂತು ಹೇಳಿದರೆ ಆ ರಾತ್ರಿಯಿಂದಲೇ ಜನ ಕಾಲು ನೋಡಿಕೊಳ್ಳುತ್ತಾರೆ.

ಊಟದ ಮಾತು. ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಿತು, ಕಾಲುವೆ ಬಂತು, ಸಿರುಗುಪ್ಪ ಸೀಮೆ ಭತ್ತದ ಕಣಜವಾಯಿತು. ಅದರಿಂದ ನಾವು ಮನೆ ಕಟ್ಟಿದೆವು, ಮಕ್ಕಳನ್ನು ಓದಿಸಿದೆವು, ಅದನ್ನು ಹಳಿಯುವ ಹಾಗಿಲ್ಲ. ಆದರೆ ಜೋಳದ ರೊಟ್ಟಿ ತಿಂದು ಬೆಳೆದ ಮನೆಗಳಲ್ಲಿ ಈಗ ಮೂರು ಹೊತ್ತೂ ಪಾಲಿಶ್ ಮಾಡಿದ ಬಿಳಿ ಸೋನಾ ಮಸೂರಿ. ಮೊದಲು ಹೊಲದಲ್ಲಿ ಬೆವರು ಸುರಿಸಿ ತಿನ್ನುತ್ತಿದ್ದೆವು, ಈಗ ಟ್ರ್ಯಾಕ್ಟರು, ನಾಟಿ ಯಂತ್ರ, ಕಟಾವು ಯಂತ್ರ. ಊಟ ಹಾಗೇ ಇದೆ, ಬೆವರು ಇಲ್ಲ. ಅನ್ನ ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಒಂದು ಹೊತ್ತಿಗೆ ರೊಟ್ಟಿ, ತಾಟಿನಲ್ಲಿ ಅನ್ನಕ್ಕಿಂತ ಪಲ್ಯೆ ಹೆಚ್ಚು, ಕಾಳಿನ ಸಾರು, ಇಷ್ಟು ಆಗುವ ಮಾತು. ಜೋಳದ ರೊಟ್ಟಿಯಾದರೆ ಎಷ್ಟಾದರೂ ತಿನ್ನಬಹುದು ಎಂಬುದೂ ತಪ್ಪು. ಉಪ್ಪು ದಿನಕ್ಕೆ ಐದು ಗ್ರಾಂ ಒಳಗೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಒಬ್ಬರಿಗೆ ಒಂದು ಚಹಾ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿ ಮಂಡಕ್ಕಿ ಎಲ್ಲ ಸೇರಿದರೆ ಅದು ಎಲ್ಲಿಗೆ ಹೋಯಿತೋ ಲೆಕ್ಕವೇ ಸಿಗುವುದಿಲ್ಲ. ಇದನ್ನು ಗಂಡಸರ ಕೂಟದಲ್ಲಿ ಎಷ್ಟು ಹೇಳಿದರೂ ಅರ್ಧ, ಒಲೆ ಮುಂದೆ ಕೂತ ತಾಯಂದಿರು ಬಂದರೆ ಪೂರ್ತಿ.

ಮೈಕೈ ನೋವಿನ ಗುಳಿಗೆಯ ಬಗ್ಗೆ ಗಟ್ಟಿಯಾಗಿ ಹೇಳಬೇಕು. ನಾಟಿ, ಕಳೆ ತೆಗೆಯುವ ದಿನಗಳಲ್ಲಿ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವುದು ರೂಢಿ. ಅವುಗಳಲ್ಲಿ ಹಲವು ಬಿ.ಪಿ. ಏರಿಸುತ್ತವೆ, ದಿನಾ ತಿಂದರೆ ಕಿಡ್ನಿಗೆ ಪೆಟ್ಟು, ಮೊದಲೇ ಶುಗರ್ ಬಿ.ಪಿ. ಇದ್ದವರಿಗೆ ಇನ್ನೂ ಹೆಚ್ಚು. ಯಾವುದು ತಿನ್ನಬಹುದು ಎಂದು ಡಾಕ್ಟರನ್ನು ಕೇಳಿ ತಿನ್ನಿರಿ. ಹಾಗೆಯೇ "ಈಗ ಆರಾಮ ಐತಿ" ಎಂದು ಬಿ.ಪಿ. ಗುಳಿಗೆ ಬಿಡುವುದು. ಆರಾಮ ಇರುವುದು ಗುಳಿಗೆಯಿಂದ. ಬಿ.ಪಿ. ಏರಿದರೆ ತಲೆ ತಿರುಗಿ ಗೊತ್ತಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ, ಬಹಳ ಜನರಿಗೆ ಏನೂ ಗೊತ್ತಾಗುವುದಿಲ್ಲ, ಒಮ್ಮೆಲೇ ಬಾಯಿ ಸೊಟ್ಟಗಾದಾಗಲೇ ಗೊತ್ತಾಗುವುದು. ಸಾಲದ ಕಂತು ತಪ್ಪಿಸಿದರೆ ಸಂಘದಿಂದ ನೋಟೀಸು ಬರುತ್ತದೆ. ಗುಳಿಗೆ ತಪ್ಪಿಸಿದರೆ ನೋಟೀಸು ಬರುವುದಿಲ್ಲ.

ಇನ್ಸುಲಿನ್ ಸೂಜಿ ತಗೊಳ್ಳುವವರ ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ನಮ್ಮ ಬೇಸಿಗೆಯಲ್ಲಿ ಔಷಧ ಕೆಡುತ್ತದೆ. ಮಣ್ಣಿನ ಗಡಿಗೆಯ ಸುತ್ತ ಒದ್ದೆ ಮರಳು ಹಾಕಿ, ಬಾಟಲಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೆರಳಲ್ಲಿ ಇಡಬಹುದು. ಇನ್ನು ಶುಗರ್ ಇಳಿದು ಕೈ ನಡುಗಿ ಬೆವರು ಬಂದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, ಕಾಲು ಗಂಟೆ ಬಿಟ್ಟು ನೋಡಬೇಕು. ಹೊಲಕ್ಕೆ ಹೋಗುವವರ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಶುಗರ್ ಇದ್ದವರ ಜೇಬಿನಲ್ಲಿ ಸಕ್ಕರೆಯೇ ಎಂದು ನಗುವವರು ನಗಲಿ. ರಂಜಾನ್ ಉಪವಾಸ ಹಿಡಿಯುವ ನಮ್ಮ ಮುಸ್ಲಿಂ ಬಾಂಧವರು, ಶ್ರಾವಣ ಸೋಮವಾರ ಮಾಡುವ ಅಕ್ಕಂದಿರು ಮೊದಲೇ ಡಾಕ್ಟರನ್ನು ಕೇಳಿ ಗುಳಿಗೆ, ಸೂಜಿಯ ಹೊತ್ತು ಬದಲಿಸಿಕೊಳ್ಳಬೇಕು.

ಇದೆಲ್ಲಕ್ಕಿಂತ ದೊಡ್ಡದು ಒಂದಿದೆ. ಕಾಯಿಲೆಯವರು ಒಂಟಿಯಾಗುತ್ತಾರೆ. ನೋವು ಇದೆ ಎಂದು ಹೊರಗೆ ಹೋಗುವುದಿಲ್ಲ, ಹೋಗದೆ ಕೂತು ಚಿಂತೆ, ಚಿಂತೆಯಿಂದ ನಿದ್ದೆ ಇಲ್ಲ, ನಿದ್ದೆ ಇಲ್ಲದೆ ಸುಸ್ತು, ಸುಸ್ತಿನಿಂದ ನೋವು ಇನ್ನೂ ಜಾಸ್ತಿ. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತಾರೆ. ಮನೆಯವರು "ತಿನ್ನಬ್ಯಾಡ, ಹೋಗಬ್ಯಾಡ" ಎಂದು ಗದರುತ್ತಾರೆ, ಅದು ಪ್ರೀತಿಯೇ, ಆದರೆ ಕೇಳುವವರಿಗೆ ಹಾಗೆ ಅನಿಸುವುದಿಲ್ಲ. ತನ್ನ ಹಾಗೇ ಇರುವ ಹತ್ತು ಜನರ ನಡುವೆ ಕೂತಾಗ ಸುತ್ತು ಎಲ್ಲಾದರೂ ಒಂದು ಕಡೆ ಕಡಿಯುತ್ತದೆ.

ಆಡಳಿತ ಮಂಡಳಿಯಲ್ಲಿ ಇದನ್ನು ಇಟ್ಟಾಗ ಒಬ್ಬ ಹಿರಿಯ ನಿರ್ದೇಶಕರು, "ಇದು ಸಂಘದ ಕೆಲಸ ಏನ್ರಿ? ಗೊಬ್ಬರ ಮಾರೋದು ಬಿಟ್ಟು ದವಾಖಾನೆ ಇಡೋಣೇನು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತ ಬಡ್ಡಿಯವರ ಬಾಗಿಲಿಗೆ ಹೋಗಬಾರದು ಎಂದು. ಇವತ್ತು ನಮ್ಮ ರೈತನನ್ನು ಬಡ್ಡಿಯವರ ಬಾಗಿಲಿಗೆ ಕಳಿಸುತ್ತಿರುವುದರಲ್ಲಿ ಆಸ್ಪತ್ರೆ ಬಿಲ್ಲೂ ಒಂದು. ಹಾಗಾದರೆ ಇದು ಸಂಘದ ಕೆಲಸವೇ. ದವಾಖಾನೆ ನಾವು ಇಡುವುದಿಲ್ಲ. ಕೂರಲು ಜಾಗ ಕೊಡುತ್ತೇವೆ.

ಇನ್ನೊಂದು ಅನುಮಾನ ಬಂತು, ಅದಕ್ಕೆ ಬೇಗ ಉತ್ತರ ಸಿಗಲಿಲ್ಲ. ಹೆಣ್ಣುಮಕ್ಕಳು ಗಂಡಸರ ಎದುರು ತಮ್ಮ ಕಾಯಿಲೆ ಹೇಳುತ್ತಾರೆಯೇ? ಮದುವೆಗೆ ಬಂದ ಮಗಳಿದ್ದ ಮನೆಯವರು ಫಿಟ್ಸ್ ಇದೆ ಎಂದು ನಾಲ್ಕು ಜನರ ಮುಂದೆ ಒಪ್ಪುತ್ತಾರೆಯೇ? ಒಪ್ಪಲಿಕ್ಕಿಲ್ಲ. ಅದಕ್ಕೆ ಹೆಂಗಸರ ಕೂಟ ಬೇರೆ, ಗಂಡಸರದು ಬೇರೆ. ಒಳಗೆ ಆಡಿದ್ದು ಹೊರಗೆ ಹೋಗಬಾರದು, ಹೋಯಿತೆಂದರೆ ಆಡಿದವರು ಮುಂದಿನ ಕೂಟಕ್ಕೆ ಬರುವ ಹಾಗಿಲ್ಲ. ಕಾಯಿಲೆ ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. ಡಾಕ್ಟರು ಕೊಟ್ಟ ಗುಳಿಗೆ ಬಿಡಿ ಎಂದು ಯಾರೂ ಹೇಳಬಾರದು. ಬುಡದಿಂದ ವಾಸಿ ಮಾಡುತ್ತೇವೆ ಎಂದು ಪುಡಿ, ಕಷಾಯ ಮಾರುವವರಿಗೆ ಆ ಬಾಗಿಲು ಮುಚ್ಚಿರುತ್ತದೆ, ಅವರು ನಮ್ಮ ಬೀಗರಾಗಿದ್ದರೂ ಸರಿ.

ಈಗ ಠರಾವು. ಸಂಘದ ಗೋದಾಮಿನ ಮಾಳಿಗೆ ಮೇಲಿನ ಕೋಣೆಯನ್ನು ಸುಗ್ಗಿ ಮುಗಿದ ಮೇಲೆ ಆರು ಭಾನುವಾರ ಬಿಟ್ಟುಕೊಡುವುದು. ಬೆಳಿಗ್ಗೆ ಹೆಂಗಸರದು, ಸಂಜೆ ಗಂಡಸರದು. ನಾಲ್ಕು ಜನ ಮುಂದಾಳುಗಳು, ಇಬ್ಬರು ಅಕ್ಕಂದಿರು, ಇಬ್ಬರು ಅಣ್ಣಂದಿರು, ಕಾಯಿಲೆ ಇದ್ದವರೇ ಆಗಿರಬೇಕು, ಓದು ಬರಹ ಬಂದರೆ ಸಾಕು. ಅವರಿಗೆ ತಿಳಿಸಿಕೊಡಲು ಆರೋಗ್ಯ ಕೇಂದ್ರದ ಡಾಕ್ಟರು ಒಪ್ಪಿದ್ದಾರೆ. ಬಿ.ಪಿ. ನೋಡುವ ಯಂತ್ರ ಒಂದು, ಒಂದು ದಪ್ಪ ರಿಜಿಸ್ಟರು, ಸಕ್ಕರೆ ಇಲ್ಲದ ಚಹಾ, ಇಷ್ಟರ ಖರ್ಚು ಲಾಭದಲ್ಲಿ ಒಳ್ಳೆಯ ಕೆಲಸಕ್ಕೆಂದು ತೆಗೆದಿಟ್ಟ ಹಣದಿಂದ. ಆರು ವಾರ ಆದ ಮೇಲೆ ಎಷ್ಟು ಜನ ಕೊನೆತನಕ ಬಂದರು, ಎಷ್ಟು ಜನ ಗುಳಿಗೆ ತಪ್ಪಿಸಲಿಲ್ಲ ಎಂದು ಮುಂದಿನ ಮಹಾಸಭೆಗೆ ಲೆಕ್ಕ ಒಪ್ಪಿಸುತ್ತೇವೆ. ಉಪಯೋಗ ಕಾಣದಿದ್ದರೆ ನಿಲ್ಲಿಸುವ ಅಧಿಕಾರವೂ ಅದೇ ಮಹಾಸಭೆಗಿದೆ.

ಒಪ್ಪುವವರು ಕೈ ಎತ್ತಿ ತಿಳಿಸಬೇಕು. ಹೆಸರು ಬರೆಸುವವರು ಊಟವಾದ ಮೇಲೆ ಕಾರ್ಯದರ್ಶಿಗಳ ಮೇಜಿನ ಹತ್ತಿರ ಬರ್ರಿ. ಮೊದಲ ಭಾನುವಾರ ಬರುವಾಗ ಡಾಕ್ಟರ ಚೀಟಿ, ಈಗ ತಿನ್ನುತ್ತಿರುವ ಗುಳಿಗೆಯ ಹಾಳೆ, ಅಂಗಡಿಯಿಂದ ತಂದ ನೋವಿನ ಗುಳಿಗೆ ಸಹಿತ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬರ್ರಿ.